ಹೂತಿಟ್ಟ ಅಣುತ್ಯಾಜ್ಯವನ್ನು ಜೇಡಿಮಣ್ಣು ತಡೆಯುವುದು ಹೇಗೆ?

ಅಣುಸ್ಥಾವರದಲ್ಲಿ ಬಳಸಿ ತೆಗೆದ ಇಂಧನವನ್ನು ನೂರಾರು ಮೀಟರ್ ಆಳದಲ್ಲಿ ಹೂಳುವಾಗ ಅದರ ಡಬ್ಬಿಯ ಸುತ್ತ ಏನು ತುಂಬುತ್ತಾರೆ? ಹಲವು ಯೋಜನೆಗಳಲ್ಲಿ ಜೇಡಿಮಣ್ಣು! ಕೇಳಿದರೆ ತಮಾಷೆ ಅನ್ನಿಸಬಹುದು. ಆದರೆ ಇಲ್ಲಿ ಮಣ್ಣಿನ ಮುಖ್ಯ ಕೆಲಸ ತಡ ಮಾಡಿಸುವುದು. ಬಳಸಿದ ಇಂಧನದಲ್ಲಿರುವ ವಿಕಿರಣ ವಸ್ತು ಸೀಸಿಯಂ-137ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಅದನ್ನು 300 ವರ್ಷ ಹಿಡಿದಿಟ್ಟರೆ ಉಳಿಯುವುದು ಸಾವಿರದಲ್ಲೊಂದು ಪಾಲು ಅಷ್ಟೇ. ಆದರೆ ಅದೇ ಇಂಧನದ ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,000 ವರ್ಷ, ಅದನ್ನು ಇನ್ನೂ ಬಹಳ ಕಾಲ ತಡೆಯಬೇಕು.

ಮೊದಲು ಮಣ್ಣಿನ ಆಯ್ಕೆ. ಹೆಚ್ಚಾಗಿ ಬಳಸುವುದು ಬೆಂಟೊನೈಟ್. ಕಟ್ಟಡದ ಪೈಲಿಂಗ್ ಕೆಲಸ ಮಾಡುವವರಿಗೆ ಇದು ಹೊಸದಲ್ಲ. ಸಾಮಾನ್ಯವಾಗಿ ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಬದಲಾಗಿ ಈ ಮಣ್ಣಾಗುತ್ತದೆ. ಇದರ ಕಣದಲ್ಲಿ ಸುಮಾರು 1 ನ್ಯಾನೊಮೀಟರ್ ದಪ್ಪದ ಹಾಳೆಗಳು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ನೀರು ತಾಗಿದರೆ ಹಾಳೆಗಳ ನಡುವೆ ನುಗ್ಗುತ್ತದೆ, ಮಣ್ಣು ಉಬ್ಬುತ್ತದೆ.

ಆಮೇಲೆ ಒತ್ತುವುದು. ಬೆಂಟೊನೈಟನ್ನು ಯಂತ್ರದಲ್ಲಿ ಒತ್ತಿ ಗಟ್ಟಿ ಬಿಲ್ಲೆ, ಬಳೆಗಳನ್ನಾಗಿ ಮಾಡುತ್ತಾರೆ. ಸ್ವೀಡನ್ ವಿನ್ಯಾಸದಲ್ಲಿ ಸುಮಾರು 500 ಮೀಟರ್ ಆಳದ ಗಟ್ಟಿ ಬಂಡೆಯೊಳಗೆ ಗುಂಡಿ, ಅದರಲ್ಲಿ 5 ಸೆಂಟಿಮೀಟರ್ ದಪ್ಪದ ತಾಮ್ರದ ಡಬ್ಬಿ, ಸುತ್ತ ಸುಮಾರು 35 ಸೆಂಟಿಮೀಟರ್ ಬೆಂಟೊನೈಟ್. ಬಂಡೆಯ ಬಿರುಕಿನಿಂದ ನೀರು ಒಸರಿ ಬಂದಾಗ ಮಣ್ಣು ಉಬ್ಬಲು ನೋಡುತ್ತದೆ, ಜಾಗವಿಲ್ಲ. ಹಾಗಾಗಿ ಸಿಕ್ಕ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಂದಾಚೆ ಅದರೊಳಗೆ ನೀರು ಹರಿಯುವುದು ನಿಂತೇಹೋಯಿತು ಎನ್ನಬಹುದು.

ಒಂದು ದಿನ ಡಬ್ಬಿ ಸೋರಿತು ಅಂದುಕೊಳ್ಳಿ. ನೀರೇ ಹರಿಯದ ಮೇಲೆ ವಿಕಿರಣ ಪರಮಾಣುಗಳನ್ನು ಹೊತ್ತೊಯ್ಯುವವರು ಯಾರು? ನಿಂತ ನೀರಲ್ಲಿ ಒಂದೊಂದಾಗಿ ಅತ್ತಿತ್ತ ತಡಕಾಡುತ್ತಾ ಅವು ತಾವೇ ದಾರಿ ಸವೆಸಬೇಕು. ಮಣ್ಣಿನ ದಪ್ಪ ಎರಡರಷ್ಟಾದರೆ ಹೀಗೆ ದಾಟಲು ಬೇಕಾದ ಸಮಯ ನಾಲ್ಕರಷ್ಟಾಗುತ್ತದೆ. ಇದರ ಮೇಲೆ ಇನ್ನೊಂದು ತೊಡಕು. ಹಾಳೆಗಳಲ್ಲಿ ಋಣ ವಿದ್ಯುದಂಶ ಇರುತ್ತದೆ. ಧನ ವಿದ್ಯುದಂಶದ ಸೀಸಿಯಂ, ಸ್ಟ್ರಾಂಷಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು) ಅಲ್ಲಿರುವ ಸೋಡಿಯಂ, ಕ್ಯಾಲ್ಸಿಯಂಗಳನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುತ್ತವೆ. ಸ್ವಲ್ಪ ಹೊತ್ತಿಗೆ ಬಿಡಿಸಿಕೊಂಡು ಹೊರಡುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಪ್ಲುಟೋನಿಯಂ ನೀರಿನಲ್ಲಿ ಕರಗುವುದೇ ಕಡಿಮೆ, ಕರಗಿದ್ದೂ ಮಣ್ಣಿಗೆ ಬಲವಾಗಿ ಅಂಟುತ್ತದೆ.

ನಿಜವಾದ ತಲೆನೋವು ಅಯೋಡಿನ್-129. ಅರ್ಧಾಯು ಸುಮಾರು 1.57 ಕೋಟಿ ವರ್ಷ. ಅದರ ಅಯಾನು ಕೂಡ ಋಣವೇ, ಹಾಗಾಗಿ ಅಂಟುವುದಿಲ್ಲ. ಜನ ಪ್ಲುಟೋನಿಯಂ ಹೆಸರು ಕೇಳಿ ಹೆದರುತ್ತಾರೆ. ನನ್ನನ್ನು ಕೇಳಿದರೆ ಇಲ್ಲಿ ಗಮನ ಜಾಸ್ತಿ ಕೊಡಬೇಕಾದ್ದು ಅಯೋಡಿನ್‌ಗೆ. ಇಂಥದ್ದಕ್ಕೆ ದಪ್ಪವೇ ಮದ್ದು. ಫ್ರಾನ್ಸ್ ತನ್ನ ಬ್ಯೂರ್ ಎಂಬ ಊರಿನ ಬಳಿಯ ತ್ಯಾಜ್ಯ ಹೂಳುವ ಯೋಜನೆಗೆ ನೂರು ಮೀಟರಿಗೂ ದಪ್ಪನಾದ ಜೇಡಿಶಿಲೆಯ ಪದರವನ್ನೇ ಆರಿಸಿಕೊಂಡಿದೆ.

ಇಷ್ಟು ದೀರ್ಘಕಾಲದ ಲೆಕ್ಕವನ್ನು ನಂಬುವುದು ಹೇಗೆ, ಅಲ್ವಾ? ಅದಕ್ಕೆ ಪ್ರಕೃತಿಯಲ್ಲೇ ಒಂದು ಉದಾಹರಣೆ ಇದೆ. ಕೆನಡಾದ ಸಿಗಾರ್ ಲೇಕ್‌ನಲ್ಲಿ ಸುಮಾರು 430 ಮೀಟರ್ ಆಳದಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯ ಯುರೇನಿಯಂ ಅದಿರು ಇದೆ. ಸುತ್ತ ಜೇಡಿಮಣ್ಣಿನ ಕವಚ. ಮೇಲೆ ನೆಲದಲ್ಲಿ ಅದರ ಸುಳಿವೇ ಕಾಣದು.

ಕೊನೆಯದು, ಮಣ್ಣು ಕೆಡದಂತೆ ನೋಡಿಕೊಳ್ಳುವುದು. ಬಿಸಿ ಜಾಸ್ತಿಯಾದರೆ ಅದರ ಉಬ್ಬುವ ಗುಣ ಕುಗ್ಗಬಹುದು. ಅದಕ್ಕೇ ಹಲವು ವಿನ್ಯಾಸಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಮಿತಿ ಇದೆ. ಬಳಸಿದ ಇಂಧನ ಬಿಸಿಯಾಗಿರುತ್ತದೆ, ಅದನ್ನು ದಶಕಗಟ್ಟಲೆ ತಣ್ಣಗಾಗಲು ಬಿಟ್ಟು ಆಮೇಲೆ ಹೂಳುತ್ತಾರೆ. ಸಾಮಾನ್ಯ ಸಿಮೆಂಟಿನಿಂದ ಒಸರುವ ಕ್ಷಾರದ ನೀರೂ ಈ ಮಣ್ಣಿಗೆ ಆಗದು. ಹಾಗಾಗಿ ಹತ್ತಿರದ ಸುರಂಗಗಳಿಗೆ ಕ್ಷಾರ ಕಡಿಮೆಯಿರುವ ಸಿಮೆಂಟನ್ನು ಬಳಸುತ್ತಾರೆ.