ಅಡಿಕೆ ಸುಲಿಯುವ ಗಲಾಟೆಯಲ್ಲಿ ಅರಳಿದ ಅಮೆಜಾನ್ ಲಿಲಿ

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಹಂಚಿನ ಮನೆ. ಒಳಗೆ ಬೆಳಕು ಕಮ್ಮಿ. ಅಂಥಲ್ಲೂ ಹೂ ಬಿಡುತ್ತದೆ ಅಂತ ಗೆಳತಿ ಮೂರು ಗಡ್ಡೆ ಕೊಟ್ಟಳು, ಅಮೆಜಾನ್ ಲಿಲಿ. ಪೆರು, ಈಕ್ವೆಡಾರ್ ಕಡೆಯ ಮಳೆಕಾಡಿನ ಗಿಡ. ಮರಗಳ ನೆರಳಲ್ಲಿ ಬೆಳೆಯುವಂಥದ್ದು, ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ.

ಮಳೆಕಾಡಿನದಲ್ವಾ, ನಮ್ಮ ಮಳೆ ಏನು ಮಾಡೀತು ಅಂತ ಮೊದಲ ವರ್ಷ ಜಗಲಿ ಅಂಚಿಗಿಟ್ಟೆ. ಪುಷ್ಯ ಮಳೆಯಲ್ಲಿ ಸೂರಿನ ನೀರು ಸಿಡಿದೂ ಸಿಡಿದೂ ಎರಡು ಗಡ್ಡೆ ಕೊಳೆತವು.

ಉಳಿದದ್ದನ್ನು ನಡುಮನೆಗೆ ತಂದೆ. ಗಾಜಿನ ಹಂಚಿನ ಬಿಸಿಲು ಬೀಳುವ ಜಾಗದಿಂದ ಎರಡು ಮೊಳ ಆಚೆ. ಕಾಡುಮಣ್ಣು, ಮರಳು, ಪುಡಿಯಾದ ದರಗು (ಒಣಗಿದ ಎಲೆ) ಬೆರೆಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕಿರುವಂತೆ ನೆಟ್ಟೆ. ಆಮೇಲೆ ಶುರುವಾಯಿತು ನನ್ನ ಮುದ್ದು. ವರ್ಷಕ್ಕೊಂದು ದೊಡ್ಡ ಕುಂಡ, ಸಗಣಿ ಗೊಬ್ಬರ, ದಿನಾ ನೀರು. ಅರಿಶಿನದ ಎಲೆಯಷ್ಟು ಅಗಲದ ಎಲೆಗಳು ಬಂದವು, ಹೂ ಮಾತ್ರ ಇಲ್ಲ. “ಎಲೇಲಿ ಕಡುಬು ಸುತ್ತೋಕೆ ಸಾಕ್ತಿದ್ದೀಯೇನೇ ಇದನ್ನ?” ಅಂತ ಅತ್ತಿಗೆ ನಕ್ಕರು. ಹಾಗೆ ಮಾಡೀರಿ ಮತ್ತೆ! ಇದರ ಎಲೆ, ಗಡ್ಡೆ ಎಲ್ಲಾ ವಿಷ. ಗಡ್ಡೆ ಈರುಳ್ಳಿ ಥರಾನೇ ಕಾಣುತ್ತದೆ, ಮಕ್ಕಳು, ನಾಯಿಗೆ ಸಿಗಬಾರದು.

ನಾಲ್ಕನೇ ವರ್ಷ ಕುಂಡ ಬದಲಿಸಲು ಪುರುಸೊತ್ತಾಗಲಿಲ್ಲ. ಮರಿಗಡ್ಡೆಗಳು ಅಂಚಿನ ತನಕ ಒತ್ತಿಕೊಂಡಿದ್ದವು. ಅಷ್ಟರಲ್ಲಿ ಅಡಿಕೆ ಸುಲಿತ ಬಂತು. ಆಳುಗಳ ಊಟ-ಕಾಫಿಯಲ್ಲೇ ದಿನ ಹೋಗಿ, ಹತ್ತಿರ ಹತ್ತಿರ ಒಂದು ತಿಂಗಳು ಯಾರೂ ನೀರು ಹಾಕಲಿಲ್ಲ. ಎಲೆ ಜೋತುಬಿದ್ದದ್ದು ಕಂಡಾಗ ಗಾಬರಿಯಾಗಿ ಹಾಕಿದೆ. ಮೂರು ವಾರಕ್ಕೆ ನಡುವಿಂದ ಒಂದು ದಂಟು ಎದ್ದಿತು! ಒಂದೂವರೆ ಅಡಿ ಎತ್ತರ, ತುದಿಯಲ್ಲಿ ಆರು ಮೊಗ್ಗು. ತಲೆ ಬಾಗಿಸಿದ ಬಿಳಿ ಹೂ, ಒಳಗಿನ ಬಟ್ಟಲಿನಲ್ಲಿ ತುಸು ಹಸಿರು. ಸುರಗಿಯಷ್ಟು ಜೋರು ಘಮ ಅಲ್ಲ, ನಿಂಬೆ ಬೆರೆತ ಹಾಗೆ ಮೆತ್ತಗೆ. ಮನೆಯೆಲ್ಲ ತುಂಬಿದ್ದ, ಅಡಿಕೆ ಬೇಯಿಸಿದ ಚೊಗರಿನ ವಾಸನೆಯ ನಡುವೆಯೂ ಗೊತ್ತಾಗುತ್ತಿತ್ತು.

ಈಗ ಬೇಕಂತಲೇ ಹಾಗೆ ಮಾಡುತ್ತೇನೆ. ಬೇರು ಕುಂಡ ತುಂಬಲಿ ಅಂತ ಮೂರ್ನಾಲ್ಕು ವರ್ಷ ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಮೂರ್ನಾಲ್ಕು ವಾರ ನೀರು ತೀರಾ ಕಮ್ಮಿ. ಪೂರ್ತಿ ಒಣಗಿಸಬಾರದು, ಇದು ಎಲೆ ಉದುರಿಸಿ ಮಲಗುವ ಗಡ್ಡೆಯಲ್ಲ. ಹಿಟ್ಟುತಿಗಣೆ ಬಂದರೆ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸುವುದು, ಅಷ್ಟೇ.

ಅತ್ತಿಗೆಗೂ ಒಂದು ಮರಿ ಬೇಕಂತೆ. ಕುಂಡವೂ ಬಿರಿಯುವ ಹಾಗಾಗಿದೆ. ಆದರೆ ಮತ್ತೆ ದಂಟು ಕಾಣಿಸಿದೆ, ಇದೊಂದು ಹೂ ಆಗಲಿ ಅಂತ ಬಿಟ್ಟಿದ್ದೇನೆ.