ಮೊದಲ ದೋಸೆ ನಿಮಗೇ ಬೇಕಾ? ಹೊಸ ಫೋನಿಗೆ ಕೈ ತುರಿಸುತ್ತಿರುವವರಿಗೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತವರಿಗೆ ಇದು ಗೊತ್ತಿರುತ್ತದೆ. ಹಂಚು ಸರಿಯಾಗಿ ಕಾಯುವ ಮುಂಚೆ ಹುಯ್ದ ದೋಸೆ ಏಳುವುದಿಲ್ಲ. ಭಟ್ಟರು ಅದನ್ನು ಕೆರೆದು ಪಕ್ಕಕ್ಕೆ ಹಾಕುತ್ತಾರೆ, ಗಿರಾಕಿ ಎಲೆಗೆ ಹಾಕುವುದಿಲ್ಲ. ಫೋನ್ ಕಂಪನಿಗಳು ಹಾಕುತ್ತವೆ. ಅದೂ ಪೂರ್ತಿ ದುಡ್ಡು ಇಸಿದುಕೊಂಡು.

ಅಂಥ ದೋಸೆ ನಾನೂ ತಿಂದಿದ್ದೇನೆ. ಮಧ್ಯಾಹ್ನ 12ಕ್ಕೆ ಆನ್‌ಲೈನ್ ಸೇಲ್, 11.50ರಿಂದಲೇ ಬೆರಳು ಬಟನ್ ಮೇಲೆ. ಸಿಕ್ಕಾಗ ಲಾಟರಿ ಹೊಡೆದಷ್ಟು ಖುಷಿ. ಕಿವಿಗಿಟ್ಟರೂ ಸ್ಕ್ರೀನ್ ಆಫ್ ಆಗುವುದಿಲ್ಲ ಅಂತ ನಾಲ್ಕನೇ ದಿನಕ್ಕೆ ಗೊತ್ತಾಯ್ತು. ಕೆನ್ನೆ ತಾಗಿ ಕಾಲ್ ಮ್ಯೂಟ್ ಆಗುತ್ತಿತ್ತು, ಒಮ್ಮೊಮ್ಮೆ ಕಟ್ಟೇ ಆಗುತ್ತಿತ್ತು. "ಏನೋ, ನಾನು ಮಾತಾಡಿದ್ರೆ ಫೋನ್ ಇಡ್ತೀಯಾ?" ಅಂತ ಅಮ್ಮ ಒಂದು ವಾರ ಮುನಿಸಿಕೊಂಡಿದ್ದರು. ಸರ್ವಿಸ್ ಸೆಂಟರ್‌ನಲ್ಲಿ "ಎಲ್ಲರದ್ದೂ ಹಿಂಗೇ ಐತಿ ಸರ್, ಅಪ್ಡೇಟ್ ಬರುತ್ತೆ" ಅಂದರು. ಬಂತು, ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಅದೇ ಫೋನಿನ ಬೆಲೆ ಮೂರು ಸಾವಿರ ಇಳಿದಿತ್ತು.

ಅರೆಬೆಂದ ಫೋನುಗಳಲ್ಲಿ ಎರಡು ಜಾತಿ. ಒಂದು, ಹೇಳಿಯೇ ಮಾರುವಂಥದ್ದು. 2020ರ ಜನವರಿಯಲ್ಲಿ ಬಂದ ಪೈನ್‌ಫೋನ್ ಬ್ರೇವ್‌ಹಾರ್ಟ್ ಅನ್ನುವ ಲಿನಕ್ಸ್ ಫೋನಿನಲ್ಲಿ ದಿನನಿತ್ಯ ಬಳಸುವಂಥ ಆಪರೇಟಿಂಗ್ ಸಿಸ್ಟಮ್ಮೇ ಇರಲಿಲ್ಲ, ನೀವೇ ಹಾಕಿಕೊಳ್ಳಬೇಕು, ಇದು ಕೈಯಾಡಿಸಿ ನೋಡುವವರಿಗೆ ಮಾತ್ರ ಅಂತ ಕಂಪನಿಯೇ ಹೇಳಿತ್ತು. ಅದು ಪ್ರಾಮಾಣಿಕ ವ್ಯಾಪಾರ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಅಂಥದ್ದನ್ನು ತಗೊಂಡರೆ ನಾನು ಬೇಡ ಅನ್ನುವುದಿಲ್ಲ. ಇನ್ನೊಂದು ಜಾತಿ, ಪೂರ್ತಿ ಬೆಂದಿದೆ ಅಂತ ಹೇಳಿ ಮಾರುವಂಥದ್ದು. ನಮ್ಮ ತಾಪತ್ರಯ ಅದರದು.

ಇದಕ್ಕೆ ಮದ್ದು ಎರಡು ತಿಂಗಳು ಕಾಯುವುದು. ಸುಮ್ನೆ ಬಾಯಿಗೆ ಬಂದ ಲೆಕ್ಕ ಅಲ್ಲ ಇದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿದೆ ಅಲ್ವಾ? 2016ರ ಆಗಸ್ಟ್ 19ಕ್ಕೆ ಮಾರಾಟ ಶುರು. ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳತೊಡಗಿ ಸೆಪ್ಟೆಂಬರ್ 2ಕ್ಕೆ ಸುಮಾರು 25 ಲಕ್ಷ ಫೋನ್ ವಾಪಸ್ ಕರೆಸಿಕೊಂಡರು. ಬದಲಿಗೆ ಕೊಟ್ಟ ಫೋನುಗಳೂ ಸುಟ್ಟವು, ಯಾಕೆಂದರೆ ಅವುಗಳ ಬ್ಯಾಟರಿ ಬೇರೆ ಕಂಪನಿಯದು, ಅದರ ದೋಷವೂ ಬೇರೆ. ಅಕ್ಟೋಬರ್ 11ಕ್ಕೆ ಫೋನೇ ನಿಂತುಹೋಯ್ತು. ಎರಡು ತಿಂಗಳು ಕಾಯೋಣ ಅಂದುಕೊಂಡವರಿಗೆ ಅದನ್ನು ಕೊಳ್ಳುವ ಅವಕಾಶವೇ ಬರಲಿಲ್ಲ.

ಎಲ್ಲ ಫೋನೂ ಸುಡುವುದಿಲ್ಲ ಬಿಡಿ. ಜಾಸ್ತಿ ಕಾಡುವುದು ಸಣ್ಣ ಸಣ್ಣ ಕಿರಿಕಿರಿಗಳೇ. ಬಿಡುಗಡೆ ದಿನದ ವಿಡಿಯೊಗಳಲ್ಲಿ ಅವು ಕಾಣುವುದಿಲ್ಲ, ಯಾಕೆಂದರೆ ಎಷ್ಟೋ ಜನ ನಾಲ್ಕೈದು ದಿನ ಬಳಸಿ ವಿಡಿಯೊ ಮಾಡಿರುತ್ತಾರೆ. ನೀವು ಹುಡುಕಬೇಕಾದ್ದು ಒಂದು ತಿಂಗಳ ನಂತರ ಗ್ರಾಹಕರು ಬರೆದ ದೂರುಗಳನ್ನು, ಅದರಲ್ಲೂ ಎರಡು, ಮೂರು ನಕ್ಷತ್ರ ಕೊಟ್ಟವರ ಮಾತನ್ನು. ಐದು ಕೊಟ್ಟವರು ಡಬ್ಬಿ ತೆಗೆದ ಖುಷಿಯಲ್ಲೇ ಬರೆದಿರುತ್ತಾರೆ.

ನನ್ನದೇ ಒಂದು ಗುರುತು ಇದೆ, ನಗಬೇಡಿ. ನಮ್ಮ ದಾವಣಗೆರೆಯ ಅಶೋಕ ರಸ್ತೆ ಕಡೆ ಹೋದಾಗ ಯಾವುದಾದರೂ ಮೊಬೈಲ್ ಅಂಗಡಿಯಲ್ಲಿ ಆ ಮಾಡೆಲಿನ ಬ್ಯಾಕ್ ಕವರ್, ಟೆಂಪರ್ಡ್ ಗ್ಲಾಸ್ ಕೇಳಿ. "ಇನ್ನೂ ಬಂದಿಲ್ಲಣ್ಣ" ಅಂದರೆ ನೀವೂ ಇನ್ನೂ ಕೊಳ್ಳಬೇಡಿ. ಕವರೇ ಬರದ ಫೋನಿಗೆ ಬಿಡಿ ಡಿಸ್‌ಪ್ಲೇ ಎಲ್ಲಿಂದ ಬರಬೇಕು? ಸರ್ವಿಸ್ ಸೆಂಟರ್‌ಗೂ ಒಂದು ಫೋನ್ ಹಾಕಿ, ಈ ಮಾಡೆಲಿನ ಸ್ಪೇರ್ ಇಲ್ಲೇ ಸಿಗುತ್ತಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾ ಅಂತ ಕೇಳಿ.

ಜಾಹೀರಾತಿನಲ್ಲಿ "ಮುಂದಿನ ಅಪ್ಡೇಟ್‌ನಲ್ಲಿ ಬರಲಿದೆ" ಅಂತ ಇದ್ದರೆ, ಇವತ್ತು ಅದು ಇಲ್ಲ ಅಂತಲೇ ಓದಿಕೊಳ್ಳಿ. 5ಜಿ ಫೋನ್ ಅಂತ 2020ರಿಂದಲೇ ಮಾರಿದರು. ನಮ್ಮಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ. ಆಮೇಲೂ ಐಫೋನ್ 12, 13, 14 ಇದ್ದ ಸಾಮಾನ್ಯ ಗ್ರಾಹಕರು ಡಿಸೆಂಬರ್‌ನಲ್ಲಿ ಐಒಎಸ್ 16.2 ಅನ್ನುವ ಅಪ್ಡೇಟ್ ಬರುವ ತನಕ ಕಾಯಬೇಕಾಯ್ತು.

ಇಲ್ಲಿ ಇನ್ನೂ ಬಿಡುಗಡೆಯಾಗದ ಫೋನನ್ನು ದುಬೈನಿಂದ ಭಾವನ ಕೈಲಿ ತರಿಸುವವರು ಇನ್ನೂ ಹುಷಾರಾಗಿರಬೇಕು. ಎಷ್ಟೋ ಕಂಪನಿಗಳ ವಾರಂಟಿ ಇಲ್ಲಿ ನಡೆಯುವುದಿಲ್ಲ. ಬ್ಯಾಂಡ್ ನೋಡಿ, ಅಂದರೆ ಫೋನ್ ಯಾವ ಯಾವ ತರಂಗಾಂತರದ ಸಿಗ್ನಲ್ ಹಿಡಿಯುತ್ತದೆ ಅಂತ. ಜಿಯೋ ಬಳಸುವ ಎನ್28 ಇಲ್ಲದಿದ್ದರೆ ಮನೆಯೊಳಗೆ ಜಿಯೋ 5ಜಿ ಸೊರಗುತ್ತದೆ, ಗೋಡೆ ದಾಟಿ ಚೆನ್ನಾಗಿ ಬರುವುದು ಆ 700 ಮೆಗಾಹರ್ಟ್ಸ್ ಸಿಗ್ನಲ್. ಪರಿಚಯದವರು "ಸೀಲ್ ಪೀಸ್" ಅಂತ ಕೊಡಲು ಬಂದರೆ ಡಬ್ಬಿ ತೆಗೆಸಿ, *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ತೆಗೆದುಕೊಳ್ಳಿ, KYM ಅಂತ ಇಂಗ್ಲಿಷಿನಲ್ಲಿ ಹೊಡೆದು, ಜಾಗ ಬಿಟ್ಟು ಆ ನಂಬರ್ ಬರೆದು 14422ಗೆ ಮೆಸೇಜ್ ಮಾಡಿ, ಆ ಫೋನ್ ಕಪ್ಪುಪಟ್ಟಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಕೆಲವರು ಮೊದಲ ದಿನವೇ ಕೊಳ್ಳುತ್ತೀರಿ, ಗೊತ್ತು. ಹಾಗಿದ್ದರೆ ಹಳೆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ನಾನು ಕೊಟ್ಟು ಕೆಟ್ಟೆ, ಹೊಸದು ಕೈಕೊಟ್ಟಾಗ ಸಿಮ್ ಹಾಕಲು ಮನೆಯಲ್ಲಿ ಇನ್ನೊಂದು ಫೋನ್ ಇರಲಿಲ್ಲ. ಡಬ್ಬಿ ತೆಗೆಯುವುದನ್ನು ವಿಡಿಯೊ ಮಾಡಿ. ರಿಟರ್ನ್ ನಿಯಮವನ್ನು ಆರ್ಡರ್ ಮಾಡುವ ಮುಂಚೆಯೇ ಓದಿ. 7 ದಿನ ಅಂದಿರುತ್ತಾರೆ, ಆದರೆ ದುಡ್ಡು ವಾಪಸ್ಸಾ, ಬರೀ ಬದಲಿ ಫೋನಾ ಅಂತ ನೋಡಬೇಕು. ಆ ಏಳು ದಿನ ಫೋನನ್ನು ಮುದ್ದು ಮಾಡಬೇಡಿ, ದುಡಿಸಿ. ಎರಡೂ ಸಿಮ್‌ನಿಂದ ಹತ್ತತ್ತು ನಿಮಿಷ ಮಾತಾಡಿ, ಮಧ್ಯಾಹ್ನದ ಬಿಸಿಲಲ್ಲಿ ಗಾಜಿನ ಮನೆ ಕಡೆ ಹೋಗಿ ವಿಡಿಯೊ ತೆಗೆಯಿರಿ, ಮ್ಯಾಪ್ ಹಾಕಿಕೊಂಡು ಹರಿಹರದ ತನಕ ಹೋಗಿ ಬನ್ನಿ, ಯುಪಿಐನಲ್ಲಿ ಮಂಡಕ್ಕಿ ಮಿರ್ಚಿಗೆ ದುಡ್ಡು ಕಳಿಸಿ. ರಾತ್ರಿ ಕತ್ತಲಲ್ಲಿ ಬೂದು ಬಣ್ಣದ ಚಿತ್ರ ಇಟ್ಟು ಸ್ಕ್ರೀನಿನಲ್ಲಿ ಹಸಿರು ಛಾಯೆ ಇದೆಯಾ ನೋಡಿ. ಬೀಟಾ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಸಾಫ್ಟ್‌ವೇರ್ ಹಾಕುವ ಚಪಲ ಇದ್ದರೆ ಅದು ಎರಡನೇ ಫೋನಿನಲ್ಲಿರಲಿ, ಕೆಲವು ಬ್ಯಾಂಕ್ ಆ್ಯಪ್‌ಗಳು ಅದರಲ್ಲಿ ತೆರೆಯುವುದೇ ಇಲ್ಲ.

ದೋಷ ಕಂಡರೆ ಬಾಯಿಮಾತಿಗೆ ಒಪ್ಪಿ ಬರಬೇಡಿ. "ಅಪ್ಡೇಟ್ ಬರುತ್ತೆ" ಅಂದರೂ ಸರಿ, ಜಾಬ್ ಶೀಟ್, ಅಂದರೆ ದೋಷ ಬರೆದುಕೊಂಡ ಸರ್ವಿಸ್ ಚೀಟಿ, ಬರೆಸಿಕೊಳ್ಳಿ, ತಾರೀಖು ಇರಬೇಕು. ನಾನು ಬರೆಸಿರಲಿಲ್ಲ, ಹಾಗಾಗಿ ಕಸ್ಟಮರ್ ಕೇರ್‌ನವರ ಪ್ರಕಾರ ನಾನು ಸರ್ವಿಸ್ ಸೆಂಟರ್‌ಗೆ ಹೋಗಿಯೇ ಇರಲಿಲ್ಲ. ಜಾಬ್ ಶೀಟ್ ಇದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ನಮ್ಮೂರಲ್ಲೇ ಇದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು ಅಷ್ಟೇ. ಬಿಲ್ಲಿನ ಅಕ್ಷರ ಅಷ್ಟರಲ್ಲಿ ಮಾಸಿಹೋಗಿರುತ್ತದೆ, ಅದಕ್ಕೆ ಕೊಂಡ ದಿನವೇ ಅದರದೊಂದು ಫೋಟೊ ತೆಗೆದಿಡಿ. ಹಳೆ ಫೋನಿನಲ್ಲಿ.