ಕಾಯಿ ತಾನೇ ಬೀಳುವ ಪೆಟ್ಲು: ಮಾಡುವುದು ಹೀಗೆ

ಮಲೆನಾಡಿನಲ್ಲಿ ಚೌತಿ ಹತ್ತಿರ ಬಂತೆಂದರೆ ಮಕ್ಕಳಿಗೆ ಪೆಟ್ಲಿನ ನೆನಪಾಗುತ್ತದೆ. ಪೆಟ್ಲು ಅಂದರೆ ಸಣ್ಣ ಹಸಿ ಕಾಯಿ ತುಂಬಿ, ಕಡ್ಡಿಯಿಂದ ತಳ್ಳಿ ಹಾರಿಸುವ ಬಿದಿರಿನ ಕೊಳವೆ. ಛತ್ತೀಸಗಡದ ಬಸ್ತರಿನ ಜಗದಲಪುರದಲ್ಲೂ ಗೊಂಚಾ ಹಬ್ಬದ ರಥಯಾತ್ರೆಗೆ ಇದೇ ಬಿದಿರಿನ ಆಟಿಕೆ ಇದೆ, ಅಲ್ಲಿ ಇದು ತುಪ್ಕಿ. ಮದ್ದು ಬೇಡ, ಸ್ಪ್ರಿಂಗ್ ಬೇಡ, ಎಲ್ಲ ಗಾಳಿಯದೇ ಕೆಲಸ. ಆದರೆ ಪ್ರತಿ ಸಲ ಕಾಯಿಯನ್ನು ಬೆರಳಿನಿಂದ ತುರುಕಬೇಕು. ಚೀನಾದ ಹಳೇ ಕಾಲದ ಅಡ್ಡಬಿಲ್ಲಿನಲ್ಲಿ ಇದಕ್ಕೆ ಒಳ್ಳೇ ಉಪಾಯವಿತ್ತು. ಬಿಲ್ಲಿನ ಮೇಲೊಂದು ಪೆಟ್ಟಿಗೆ, ಅದರೊಳಗೆ ಒಂದರ ಮೇಲೊಂದು ಬಾಣ. ಹಿಡಿ ಆಡಿಸಿದ ಹಾಗೆಲ್ಲ ಒಂದೊಂದೇ ಬಾಣ ತನ್ನ ಭಾರಕ್ಕೆ ಕೆಳಗಿಳಿಯುತ್ತಿತ್ತು. ಪೆಟ್ಲಿಗೂ ಇದನ್ನೇ ಮಾಡೋಣ.

ಗೆಣ್ಣಿಲ್ಲದ, ಸುಮಾರು 30 ಸೆಂ.ಮೀ. ಉದ್ದದ ಬಿದಿರಿನ ಕೊಳವೆ ಆರಿಸಿ. ಒಳಗಿನ ತೂತು ಕಾಯಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ತಳ್ಳುವ ಕಡ್ಡಿಗೆ ಹಿಡಿ ಕೂರಿಸಿ. ಹಿಡಿಯಿಂದ ತುದಿಯವರೆಗೆ ಕಡ್ಡಿಯ ಉದ್ದ ಕೊಳವೆಗಿಂತ ಒಂದು ಕಾಯಿಯಷ್ಟು ಕಮ್ಮಿ ಇರಬೇಕು. ಇದು ಮುಖ್ಯ. ಕೊಳವೆಯ ಮುಂದಿನ ತುದಿಯಲ್ಲಿ, ಅಂದರೆ ಬಾಯಲ್ಲಿ, ಮೊದಲೇ ಒಂದು ಕಾಯಿ ಕೂತಿರುತ್ತದೆ. ಕಡ್ಡಿ ತಳ್ಳಿದ ಎರಡನೇ ಕಾಯಿ ಮುಂದೆ ಹೋದಂತೆ ನಡುವಿನ ಗಾಳಿ ಒತ್ತಿಕೊಳ್ಳುತ್ತದೆ. ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟು. ಬಾಯಲ್ಲಿ ಬಿಗಿದು ಕೂತ ಕಾಯಿ ತಡೆಯಲಾರದೆ 'ಪಟ್' ಎಂದು ಹಾರುತ್ತದೆ. ಕಡ್ಡಿ ಗಿಡ್ಡ ಇರುವುದರಿಂದ ಎರಡನೆಯದು ಬಾಯಲ್ಲೇ ನಿಂತು ಮುಂದಿನ ಸಲಕ್ಕೆ ಬಿರಡೆಯಾಗುತ್ತದೆ.

ಕಡ್ಡಿ ಕೊಳವೆಯೊಳಗೆ ಸಡಿಲವಾಗಿ ಓಡಾಡಲಿ. ಬಿಗಿಯಾದರೆ ಹಿಂದಕ್ಕೆ ಎಳೆಯುವಾಗ ಬಾಯಿಯ ಕಾಯಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ.

ಈಗ ಕಾಯಿ ಬೀಳುವ ಕಿಂಡಿ. ಹಿಂದಿನ ತುದಿಯಿಂದ ನಾಲ್ಕು ಬೆರಳು ಬಿಟ್ಟು, ಕೊಳವೆಯ ಮೇಲ್ಭಾಗದಲ್ಲಿ ಕಾಯಿಗಿಂತ ತುಸು ದೊಡ್ಡ ತೂತು ಕೊರೆಯಿರಿ. ಇಲ್ಲೊಂದು ತೊಡಕಿದೆ. ಗಾಳಿ ಸೋರಬಾರದೆಂದರೆ ಕಾಯಿ ಬಿಗಿ ಇರಬೇಕು, ಆದರೆ ಬಿಗಿಯಾದ ಕಾಯಿ ತಾನಾಗಿ ಒಳಗೆ ಬೀಳುವುದಿಲ್ಲ, ಅಲ್ವಾ? ಅದಕ್ಕೇ ಹಿಂದಿನ ತುದಿಯಿಂದ ಕಿಂಡಿಯ ಮುಂದಿನ ಅಂಚಿನವರೆಗೆ ಮಾತ್ರ ದುಂಡು ಅರದಿಂದ ಒಳಭಾಗವನ್ನು ಅಗಲ ಮಾಡಿ. ಕಾಯಿ ಅಗಲದ ಜಾಗಕ್ಕೆ ಬೀಳುತ್ತದೆ, ಕಡ್ಡಿ ಅದನ್ನು ಕಿರಿದಾದ ಜಾಗಕ್ಕೆ ಒತ್ತುತ್ತದೆ. ಅಗಲ ಕಿರಿದಾಗುವ ಕಡೆ ಮೆಟ್ಟಿಲು ಬಿಡಬೇಡಿ, ಇಳಿಜಾರಾಗಿ ಉಜ್ಜಿ. ಇಲ್ಲದಿದ್ದರೆ ಕಾಯಿಯ ಸಿಪ್ಪೆ ಕೆರೆದು ಗಾಳಿ ಸೋರುತ್ತದೆ.

ಕಿಂಡಿಯ ಮೇಲೆ ಗೇಣುದ್ದದ ಇನ್ನೊಂದು ಕೊಳವೆ ನೆಟ್ಟಗೆ ನಿಲ್ಲಿಸಿ, ದಾರ ಸುತ್ತಿ, ಅಂಟು ಹಾಕಿ. ಕಾಯಿಗಳು ಸಾಲಾಗಿ ಒಂದರ ಮೇಲೊಂದು ಕೂರುವಷ್ಟೇ ಅಗಲವಿರಲಿ, ಜಾಸ್ತಿ ಅಗಲವಾದರೆ ಎರಡು ಕಾಯಿ ಅಡ್ಡಡ್ಡ ಸಿಕ್ಕಿಹಾಕಿಕೊಳ್ಳುತ್ತವೆ. ದುಂಡಗಿನ, ಒಂದೇ ಅಳತೆಯ ಹಸಿ ಕಾಯಿಗಳನ್ನೇ ಆರಿಸಿ. ನೆನೆಸಿದ ಪೇಪರ್ ಉಂಡೆ ಕೈಯಿಂದ ತುಂಬುವ ಪೆಟ್ಲಿಗೆ ಸಾಕು, ಇಲ್ಲಿ ಅಂಟಿಕೊಂಡು ಕೂರುತ್ತದೆ.

ಕಡ್ಡಿಯ ತುದಿ ಕಿಂಡಿ ದಾಟಿ ಹಿಂದೆ ಬಂದಾಗ, ಕೊಳವೆಯ ಹಿಂದಿನ ತುದಿಗೆ ಸರಿಯಾಗಿ ಕಡ್ಡಿಯ ಮೇಲೆ ಒಂದು ಗೆರೆ ಹಾಕಿಡಿ. ಅಲ್ಲಿಗಿಂತ ಹೆಚ್ಚು ಎಳೆದರೆ ಕಡ್ಡಿಯೇ ಹೊರಬರುತ್ತದೆ. ಮೊದಲ ಕಾಯಿಯನ್ನು ಬಾಯಿಯವರೆಗೆ ತಳ್ಳಿಡಿ. ಆಮೇಲೆ ಎಳೆಯಿರಿ, ತಳ್ಳಿ, ಅಷ್ಟೇ.

ಮುಖದ ಕಡೆ ಯಾವತ್ತೂ ಗುರಿ ಇಡಬೇಡಿ. ಈ ಸಣ್ಣ ಕಾಯಿ ಕಣ್ಣು ಕಳೆಯಬಲ್ಲದು. ಗೋಡೆಗೆ ಒರಗಿಸಿದ ಗೆರಸಿಗೆ (ಮೊರಕ್ಕೆ) ಹೊಡೆಯಿರಿ. ಮಕ್ಕಳು ಆಡುವಾಗ ದೊಡ್ಡವರೊಬ್ಬರು ಜೊತೆಗಿರಿ. ಬಿಸಿಲಿಗೆ ಇಟ್ಟರೆ ಹಸಿ ಬಿದಿರು ಸೀಳುತ್ತದೆ, ನೆರಳಲ್ಲೇ ಇಡಿ.